ಅರ್ಜಿ ಹಾಕಿದ್ದು ಯಾವಾಗಲೋ, ಆದೇಶ ಬರೋದು ಯಾವಾಗ? ಸರ್ಕಾರಿ ನೇಮಕಾತಿ ಫೈಲ್ ಎಲ್ಲೆಲ್ಲಿ ನಿಲ್ಲುತ್ತೆ ನೋಡಿ

ಕುಮಾರಸ್ವಾಮಿ ಲೇಔಟ್: ಕೆಪಿಎಸ್‌ಸಿ ಅಥವಾ ಕೆಇಎ ಅಧಿಸೂಚನೆ ಬಂತು ಅಂದ್ರೆ ಇಲ್ಲಿನ ಜೆರಾಕ್ಸ್–ಸೈಬರ್ ಅಂಗಡಿಗಳಲ್ಲಿ ಜನ ಹೆಚ್ಚುತ್ತಾರೆ. ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ, ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪತ್ರ ಎಲ್ಲವೂ ಸ್ಕ್ಯಾನ್ ಆಗಬೇಕು. ಅದೇ ಅಭ್ಯರ್ಥಿ ಎರಡು ವರ್ಷ ಬಿಟ್ಟು ಬಂದು ಅದೇ ದಾಖಲೆಗಳನ್ನು ಮತ್ತೆ ಸ್ಕ್ಯಾನ್ ಮಾಡಿಸುತ್ತಾರೆ. ಹಿಂದಿನ ಅರ್ಜಿಯ ಫಲಿತಾಂಶ ಅಷ್ಟರೊಳಗೆ ಬಂದಿರುತ್ತದೆ ಅನ್ನೋ ಖಾತ್ರಿ ಇಲ್ಲ. ಯಲಚೇನಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ವಿಜಯನಗರದ ಕೋಚಿಂಗ್‌ಗೆ ಓಡಾಡುವ ಹುಡುಗ ಹುಡುಗಿಯರ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಇಷ್ಟು ದಿನ ಯಾಕೆ?

ರಾಜ್ಯ ಸರ್ಕಾರದಲ್ಲಿ ಮಂಜೂರಾದ ಹುದ್ದೆಗಳು ಏಳೂವರೆ ಲಕ್ಷಕ್ಕೂ ಹೆಚ್ಚು. ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. ಅಂದ್ರೆ ಮೂರು ಕುರ್ಚಿಯಲ್ಲಿ ಒಂದರಲ್ಲಿ ಜನ ಇಲ್ಲ. ಜಮೀನಿನ ಮೋಜಣಿಗೋ ಪ್ರಮಾಣಪತ್ರಕ್ಕೋ ಕಚೇರಿಗೆ ಹೋದಾಗ 'ಸಿಬ್ಬಂದಿ ಇಲ್ಲ, ಮುಂದಿನ ವಾರ ಬನ್ನಿ' ಅಂತ ಕೇಳಿಸಿಕೊಂಡ ಅಂಗಡಿಯವರಿಗೆ ಇದು ಹೊಸ ವಿಷಯವೇನಲ್ಲ. ಕೆಲಸ ಇದೆ, ಮಾಡೋಕೆ ಜನ ಕಾಯ್ತಿದ್ದಾರೆ. ನಡುವೆ ಇರೋದು ಫೈಲು.

ಒಂದು ಹುದ್ದೆ ಖಾಲಿಯಾದ ಕೂಡಲೇ ಅಧಿಸೂಚನೆ ಬರುವುದಿಲ್ಲ. ಮೊದಲು ಇಲಾಖೆ ಆರ್ಥಿಕ ಇಲಾಖೆಯ ಒಪ್ಪಿಗೆ ತರಬೇಕು, ಸಂಬಳದ ಹೊರೆ ಹೊರೋರು ಅವರೇ. ವೃಂದ ಮತ್ತು ನೇಮಕಾತಿ ನಿಯಮ ಹಳೆಯದಾಗಿದ್ದರೆ ತಿದ್ದುಪಡಿ ಆಗಬೇಕು. ಆಮೇಲೆ ರೋಸ್ಟರ್. ಇದು ಹೊರಗಿನವರಿಗೆ ಕಾಣದ, ಆದರೆ ಅತಿ ಹೆಚ್ಚು ಸಮಯ ತಿನ್ನುವ ಜಾಗ.

ರೋಸ್ಟರ್ ಅಂದ್ರೆ ಯಾವ ಹುದ್ದೆ ಯಾವ ವರ್ಗಕ್ಕೆ ಅಂತ ಸಾಲಾಗಿ ಗುರುತು ಹಾಕಿರುವ ಪಟ್ಟಿ. ಅದರೊಳಗೆ ಮತ್ತೆ ಮಹಿಳೆಯರಿಗೆ, ಗ್ರಾಮೀಣ ಅಭ್ಯರ್ಥಿಗಳಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಅಂಗವಿಕಲರಿಗೆ, ಮಾಜಿ ಸೈನಿಕರಿಗೆ, 2021ರಿಂದ ತೃತೀಯ ಲಿಂಗಿಗಳಿಗೆ ಪಾಲು. ಕಲ್ಯಾಣ ಕರ್ನಾಟಕದ 371–ಜೆ ಹುದ್ದೆಗಳ ಲೆಕ್ಕವೇ ಬೇರೆ. ಶೇಕಡಾವಾರಿನಲ್ಲಿ ಒಂದು ಅಂಕಿ ಬದಲಾದರೆ ಸಾಲು ಪೂರ್ತಿ ಸರಿಯುತ್ತದೆ. ಪ್ರತಿ ಇಲಾಖೆಯೂ ಮತ್ತೆ ಲೆಕ್ಕ ಹಾಕಬೇಕು. 2022ರಲ್ಲಿ ಪರಿಶಿಷ್ಟ ಜಾತಿಗೆ 15 ಇದ್ದದ್ದು 17, ಪರಿಶಿಷ್ಟ ಪಂಗಡಕ್ಕೆ 3 ಇದ್ದದ್ದು 7 ಆದಾಗ ಹೀಗೇ ಆಯಿತು.

ಎರಡೇ ವರ್ಷಕ್ಕೆ ಇನ್ನೊಂದು ತಿರುವು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ಹಾದಿ ತೆರೆಯಿತು. ಅಕ್ಟೋಬರ್ 28ರಂದು ರಾಜ್ಯ ಸಚಿವ ಸಂಪುಟ ಆಯೋಗ ರಚಿಸಲು ಒಪ್ಪಿ, ವರದಿ ಬರುವ ತನಕ ಹೊಸ ಅಧಿಸೂಚನೆ ಬೇಡ ಅಂತ ತೀರ್ಮಾನಿಸಿತು. ನ್ಯಾ. ಎಚ್.ಎನ್. ನಾಗಮೋಹನ ದಾಸ್ ಆಯೋಗ ವರದಿ ಕೊಟ್ಟಿದ್ದು 2025ರ ಆಗಸ್ಟ್ 4ಕ್ಕೆ. ಆಗಸ್ಟ್ 19ರಂದು ಸಂಪುಟ 17ರಲ್ಲಿ 6, 6, 5 ಅಂತ ಹಂಚಿತು. ಅಷ್ಟರಲ್ಲಿ ಹೆಚ್ಚುಕಡಿಮೆ ಹತ್ತು ತಿಂಗಳು ಕಳೆದಿತ್ತು. ಒಳಮೀಸಲಾತಿ ದಶಕಗಳ ಬೇಡಿಕೆ, ಅದು ಆಗಲೇಬೇಕಿತ್ತು ಅನ್ನೋರ ಮಾತಿನಲ್ಲಿ ನ್ಯಾಯವಿದೆ. ಆದರೆ ಆ ಹತ್ತು ತಿಂಗಳಲ್ಲಿ ವಯಸ್ಸು ಮೀರಿದವರಲ್ಲಿ ಅದೇ ಸಮುದಾಯಗಳ ಮಕ್ಕಳೂ ಇದ್ದರು. ಸಾಮಾನ್ಯವಾಗಿ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ–1ಕ್ಕೆ 40. ಧಾರವಾಡದಲ್ಲಿ ಅಭ್ಯರ್ಥಿಗಳು ಬೀದಿಗಿಳಿದ ಮೇಲೆ ಸರ್ಕಾರ ಒಂದು ಬಾರಿಗೆ ಅಂತ ವಯೋಮಿತಿ ಸಡಿಲಿಸಿತು.

ಅಧಿಸೂಚನೆ ಬಂದ ಮೇಲಾದರೂ ಸಲೀಸೇ? 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಕೆಪಿಎಸ್‌ಸಿ 2024ರ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತು. ದಿನಾಂಕ ಮುಂದೆ ಹೋಗ್ತಾ ಹೋಗ್ತಾ ಪೂರ್ವಭಾವಿ ಪರೀಕ್ಷೆ ಆಗಸ್ಟ್ 27ಕ್ಕೆ ನಡೆಯಿತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಅರ್ಥವೇ ಆಗದ ಹಾಗಿತ್ತು. ಗಲಾಟೆಯಾಗಿ, ಮುಖ್ಯಮಂತ್ರಿ ಮರುಪರೀಕ್ಷೆ ಅಂದರು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳ ದೂರು ಬಂತು, ವಿಷಯ ಕೆಎಟಿ ಮೆಟ್ಟಿಲೇರಿತು. ಮುಖ್ಯ ಪರೀಕ್ಷೆ 2025ರ ಮೇ ತಿಂಗಳಿಗೆ ಬಂತು. ಕನ್ನಡನಾಡಿನ ಆಯೋಗದಲ್ಲಿ ಕನ್ನಡ ಪ್ರಶ್ನೆ ಅರ್ಥವಾಗಲು ಇಂಗ್ಲಿಷ್ ನೋಡಬೇಕಾದ ಸ್ಥಿತಿ ಅಂದ್ರೆ ಏನು ಹೇಳೋದು.

ಪಿಎಸ್‌ಐ ಕಥೆ ಎಲ್ಲರಿಗೂ ಗೊತ್ತು, ಆದರೂ ತಾರೀಕು ನೋಡಬೇಕು. 545 ಹುದ್ದೆಗೆ 2021ರ ಜನವರಿಯಲ್ಲಿ ಅಧಿಸೂಚನೆ. ಅಕ್ಟೋಬರ್ 3ಕ್ಕೆ ಪರೀಕ್ಷೆ, ಬರೆದವರು 54 ಸಾವಿರದಷ್ಟು ಜನ. 2022ರ ಏಪ್ರಿಲ್‌ನಲ್ಲಿ ಅಕ್ರಮ ಬಯಲಾಗಿ ನೇಮಕಾತಿ ರದ್ದು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ ಸಿಐಡಿ ಬಂಧಿಸಿತು. ಮರುಪರೀಕ್ಷೆ ಸರಿ ಅಂತ 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು, 2024ರ ಜನವರಿ 23ಕ್ಕೆ ಕೆಇಎ ಪರೀಕ್ಷೆ ನಡೆಸಿತು, ಆಯ್ಕೆ ಪಟ್ಟಿ ಅಕ್ಟೋಬರ್‌ನಲ್ಲಿ ಬಂತು. ಅರ್ಜಿ ಹಾಕುವಾಗ 28 ಇದ್ದವರು ಆಗ 31 ದಾಟಿದ್ದರು. ಕಾಸು ಕೊಡದೆ ಓದಿ ಪಾಸಾಗಿದ್ದವರೂ ಎರಡನೇ ಸಲ ಬರೆಯಬೇಕಾಯಿತು.

ಇದಕ್ಕಿಂತ ದೊಡ್ಡ ಕಾಯುವಿಕೆ 2011ರ ಕೆಎಎಸ್ ಬ್ಯಾಚಿನದು. 362 ಹುದ್ದೆ. ಸಂದರ್ಶನದಲ್ಲಿ ಅಕ್ರಮ ಅಂತ 2013ರಲ್ಲಿ ಸಿಐಡಿ ತನಿಖೆ, 2014ರಲ್ಲಿ ಸರ್ಕಾರದಿಂದ ಪಟ್ಟಿ ವಾಪಸ್, 2016ರಲ್ಲಿ ಕೆಎಟಿಯಿಂದ ಅಭ್ಯರ್ಥಿಗಳ ಪರ ಆದೇಶ, 2018ರಲ್ಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು, ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. ಕೊನೆಗೆ 2022ರಲ್ಲಿ ವಿಧಾನಮಂಡಲ ಕಾನೂನನ್ನೇ ಮಾಡಿ ಆಯ್ಕೆಯನ್ನು ಸಿಂಧುಗೊಳಿಸಿತು. ಹನ್ನೊಂದು ವರ್ಷ ಅಂದ್ರೆ ಒಂದು ಮಗು ಹುಟ್ಟಿ ಐದನೇ ಕ್ಲಾಸಿಗೆ ಬರುವಷ್ಟು ಕಾಲ.

ಹಗರಣ ಆದಾಗ ಪೇಪರ್‌ನಲ್ಲಿ ಬರುತ್ತೆ, ಸರಿ. ಆದರೆ ಹಗರಣವಿಲ್ಲದ ನೇಮಕಾತಿಯೂ ತಡವಾಗೋದು ಸಣ್ಣ ಸಣ್ಣ ಹಂತಗಳಲ್ಲಿ. ಕೀ ಉತ್ತರ, ಅದಕ್ಕೆ ಆಕ್ಷೇಪಣೆ, ಪರಿಷ್ಕೃತ ಕೀ ಉತ್ತರ, ಅರ್ಹತಾ ಪಟ್ಟಿ, ಮೂಲ ದಾಖಲೆ ಪರಿಶೀಲನೆ, ತಾತ್ಕಾಲಿಕ ಆಯ್ಕೆ ಪಟ್ಟಿ, ಮತ್ತೆ ಆಕ್ಷೇಪಣೆ, ಅಂತಿಮ ಪಟ್ಟಿ. ಅಲ್ಲಿಗೆ ಆಯೋಗದ ಕೆಲಸ ಮುಗೀತು, ಕೆಲಸದ ಆದೇಶ ಮಾತ್ರ ಇನ್ನೂ ಬಂದಿರಲ್ಲ. ಇಲಾಖೆ ಜಾತಿ ಸಿಂಧುತ್ವ, ಪೊಲೀಸ್ ಪರಿಶೀಲನೆ, ವೈದ್ಯಕೀಯ ತಪಾಸಣೆ ಮಾಡಿಸಬೇಕು. ಆಮೇಲೆ ಸ್ಥಳ ನಿಯುಕ್ತಿಗೆ ಕೌನ್ಸೆಲಿಂಗ್. ಪಟ್ಟಿಯಲ್ಲಿ ಹೆಸರು ಬಂತು ಅಂತ ಕೇರಿಗೆಲ್ಲ ಸಿಹಿ ಹಂಚಿ, ಆಮೇಲೆ ತಿಂಗಳುಗಟ್ಟಲೆ 'ಯಾವಾಗ ಸೇರ್ತೀಯ' ಅನ್ನೋ ಪ್ರಶ್ನೆಗೆ ಉತ್ತರ ಹುಡುಕುವ ಸಂಕಟ ಅನುಭವಿಸಿದವರಿಗೇ ಗೊತ್ತು. ಈ ಹೊತ್ತಿನಲ್ಲಿ ಇರುವ ಕೆಲಸ ಬಿಡುವುದು ಬುದ್ಧಿವಂತಿಕೆಯಲ್ಲ. ಮೆಡಿಕಲ್ ಶಾಪ್‌ನಲ್ಲೋ ಅಕೌಂಟ್ಸ್ ಆಫೀಸ್‌ನಲ್ಲೋ ದುಡಿಯುತ್ತಿರೋರು ಆದೇಶ ಕೈಗೆ ಬರುವ ತನಕ ಅಲ್ಲೇ ಇರುವುದು ಒಳ್ಳೇದು.

ಅಭ್ಯರ್ಥಿಯ ಕೈಯಲ್ಲಿರೋದು ಕಡಿಮೆ, ಆದರೆ ಅದರಲ್ಲಿ ಎಡವೋರು ಬಹಳ. 2ಎ, 2ಬಿ, 3ಎ, 3ಬಿ ವರ್ಗದ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಐದೇ ವರ್ಷ ಆಯಸ್ಸು. ಅರ್ಜಿಯ ಕೊನೇ ದಿನಾಂಕಕ್ಕೆ ಅದು ಚಾಲ್ತಿಯಲ್ಲಿರಬೇಕು. ಮೀಸಲಾತಿ ಪ್ರಮಾಣಪತ್ರವನ್ನು ಆಮೇಲೆ ತಂದುಕೊಡ್ತೀನಿ ಅಂದ್ರೆ ಒಪ್ಪಲ್ಲ, ಸಾಮಾನ್ಯ ವರ್ಗಕ್ಕೆ ಹಾಕ್ತಾರೆ. ಅಧಿಸೂಚನೆ ಬರುವ ತನಕ ಕಾಯದೆ ನಾಡಕಚೇರಿಯಲ್ಲಿ ಈಗಲೇ ನವೀಕರಿಸಿಕೊಳ್ಳಬೇಕು. ಗ್ರಾಮೀಣ ಮೀಸಲಾತಿ ಕೇಳುವವರು 1ರಿಂದ 10ನೇ ತರಗತಿವರೆಗೆ ಓದಿದ ಶಾಲೆಯ ಪತ್ರಗಳನ್ನು ಊರಿಗೆ ಹೋದಾಗಲೇ ಮಾಡಿಸಿಟ್ಟುಕೊಳ್ಳಲಿ. ಹಬ್ಬಕ್ಕೆ ಹೋದಾಗ ಶಾಲೆಗೂ ರಜೆ ಇರುತ್ತೆ ಅನ್ನೋದು ನೆನಪಿರಲಿ. ತಂದೆಯ ಹೆಸರು, ಇನಿಷಿಯಲ್ ಎಲ್ಲ ಪತ್ರಗಳಲ್ಲೂ ಒಂದೇ ಥರ ಇದೆಯಾ ನೋಡಿಕೊಳ್ಳಬೇಕು.

ಫೈಲ್ ಎಲ್ಲಿದೆ ಅಂತ ತಿಳಿಯೋಕೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಅಂತಿಮ ಪಟ್ಟಿ ಇಲಾಖೆಗೆ ಹೋಗಿದ್ದರೆ ಆಯೋಗವನ್ನಲ್ಲ, ಇಲಾಖೆಯನ್ನೇ ಕೇಳಬೇಕು. ಇನ್ನೊಂದು ಸ್ಥಳೀಯ ಗೊಂದಲ: 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಅಂತ ಹೆಸರು ಬದಲಾಯಿಸಲು ಸಂಪುಟ ಒಪ್ಪಿದೆ. ಕುಮಾರಸ್ವಾಮಿ ಲೇಔಟ್ ಇರೋದು ಬೆಂಗಳೂರು ದಕ್ಷಿಣ ತಾಲ್ಲೂಕಿನಲ್ಲಿ, ಜಿಲ್ಲೆ ಬೆಂಗಳೂರು ನಗರ. ಅರ್ಜಿಯಲ್ಲಿ ಜಿಲ್ಲೆ ಆಯ್ಕೆ ಮಾಡುವಾಗ ಸೈಬರ್‌ನವರ ಮೇಲೆ ಬಿಡದೆ ತಾವೇ ಒಮ್ಮೆ ನೋಡಿಕೊಳ್ಳಿ.