ಹೊಸ ಥಾರ್‌ಗೆ ಬಂಪರ್, ಟಯರ್ ಹಾಕಿಸೋ ಮುಂಚೆ ಇದನ್ನು ಓದಿ

ಚಿಕ್ಕೋಡಿ: ಹೊಸ ಥಾರ್, ಜಿಮ್ನಿ ಮನೆ ಮುಂದೆ ನಿಂತ ಮರುದಿನವೇ ಶುರುವಾಗೋದು ಒಂದೇ ಮಾತು: ಏನೇನು ಹಾಕಿಸೋದು? ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ, ಕಾಗವಾಡದವರಿಗೆ ಮಿರಜ. ದುಡ್ಡು ಕೊಡುವ ಮುಂಚೆ ಕಾನೂನು ತಿಳಿದಿರಲಿ.

ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ, ಆರ್‌ಸಿಯಲ್ಲಿನ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಇದನ್ನೇ ಹೇಳಿದೆ. ತಪ್ಪಿದರೆ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂ. ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ಹೆಚ್ಚು ಮಂದಿ ಎಡವೋದು ಕಬ್ಬಿಣದ ಬಂಪರ್‌ನಲ್ಲಿ. ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ತಿಳಿಸಿದೆ. ಗಟ್ಟಿ ಇದ್ದಷ್ಟೂ ಒಳ್ಳೇದು ಅನ್ನೋದು ತಪ್ಪು ಲೆಕ್ಕ. ಡಿಕ್ಕಿಯ ಹೊಡೆತ ನೇರ ಚಾಸಿಗೆ ಹೋಗುತ್ತೆ, ಏರ್‌ಬ್ಯಾಗ್ ಸಮಯಕ್ಕೆ ತೆರೆಯದೇ ಇರಬಹುದು. ಎದುರಿನ ಬೈಕ್ ಸವಾರನ ಗತಿಯಂತೂ ಕೇಳಲೇಬೇಡಿ.

ಎರೆಮಣ್ಣಿನ ಕಬ್ಬಿನ ಹೊಲಕ್ಕೆ ಒಳ್ಳೆ ಹಲ್ಲಿನ ಟಯರ್ ಬೇಕು, ನಿಜ. ಹಲ್ಲು ಬದಲಾಗಲಿ, ಅಳತೆ ಮಾತ್ರ ಕಂಪನಿ ಹೇಳಿದ್ದೇ ಇರಲಿ. ಟಯರ್ ದೊಡ್ಡದಾದರೆ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತೆ, ಮೈಲೇಜೂ ಇಳಿಯುತ್ತೆ.

ಇನ್ನು ಸ್ನಾರ್ಕೆಲ್. ಅದು ಎಂಜಿನ್‌ಗೆ ಮೇಲಿಂದ ಗಾಳಿ ಕೊಡುತ್ತೆ ಅಷ್ಟೇ, ಗಾಡಿ ಕೊಚ್ಚಿ ಹೋಗೋದನ್ನು ತಡೆಯಲ್ಲ. ಥಾರ್‌ಗೆ ಕಂಪನಿ ಹೇಳಿರುವ ಮಿತಿ 650 ಮಿ.ಮೀ. ನೀರು. ಕೃಷ್ಣೆ ತುಂಬಿ ಕಲ್ಲೋಳ-ಯಡೂರ ಸೇತುವೆ ಮುಳುಗಿದಾಗ ಆ ಲೆಕ್ಕ ನಡೆಯಲ್ಲ.

ಏನೇ ಹಾಕಿಸಿದರೂ ವಿಮೆ ಕಂಪನಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ. ಮುಚ್ಚಿಟ್ಟರೆ ಅಪಘಾತವಾದಾಗ ಕ್ಲೇಮ್ ತಿರಸ್ಕಾರ ಆಗಬಹುದು.