ಪುಟ್ಟ ಬ್ರೆಂಡಾಳ ದೊಡ್ಡ ಗಂಟಲು

1956ರಲ್ಲಿ ಅಮೆರಿಕದ ಡೆಕ್ಕಾ ಕಂಪನಿ ಹೊಸ ಗಾಯಕಿಯೊಬ್ಬಳ ಮೊದಲ ಗ್ರಾಮಾಫೋನ್ ಪ್ಲೇಟನ್ನು ಹೊರತಂದಿತು. ಅದರ ಮೇಲೆ ಹೆಸರಿನ ಜೊತೆಗೆ ವಯಸ್ಸೂ ಅಚ್ಚಾಗಿತ್ತು: ಪುಟ್ಟ ಬ್ರೆಂಡಾ ಲೀ, ಒಂಬತ್ತು ವರ್ಷ. ನಿಜಕ್ಕೂ ಹುಡುಗಿಗೆ ಆಗಲೇ ಹನ್ನೊಂದು ತುಂಬಿತ್ತು. ಮೂರು ವರ್ಷ ಕಳೆದ ಮೇಲೆ ಪ್ಯಾರಿಸ್ಸಿನಲ್ಲಿ ಸುಳ್ಳು ತಿರುಗುಮುರುಗಾಯಿತು. ಒಲಿಂಪಿಯಾ ರಂಗಮಂದಿರಕ್ಕೆ ಬರುತ್ತಿರುವುದು ಬಾಲಕಿ ಎಂದು ತಿಳಿದು ಆಯೋಜಕರು ಹಿಂದೇಟು ಹಾಕಿದಾಗ, ಅವಳು ಮಗುವಲ್ಲ, ಮೂವತ್ತೆರಡು ವರ್ಷದ ಕುಳ್ಳಿ ಎಂಬ ಸುದ್ದಿಯನ್ನು ಅವಳ ಮ್ಯಾನೇಜರ್ ಡಬ್ ಆಲ್‌ಬ್ರಿಟನ್ ಪತ್ರಿಕೆಗಳಲ್ಲಿ ಹಬ್ಬಿಸಿದ. ಆಮೇಲೆ ತಾನೇ ಅಲ್ಲಗಳೆದ. ಎರಡು ಸಲವೂ ಪ್ರಚಾರ ಸಿಕ್ಕಿತು, ಟಿಕೆಟ್ಟುಗಳು ಮಾರಾಟವಾದವು.

ಎರಡೂ ಸುಳ್ಳನ್ನು ಜನ ನಂಬಬಹುದಾಗಿತ್ತು ಎಂಬುದೇ ಬ್ರೆಂಡಾಳ ವಿಶೇಷ. ನೋಡಿದರೆ ಒಂಬತ್ತರ ಕೂಸು, ಕಣ್ಣು ಮುಚ್ಚಿ ಕೇಳಿದರೆ ಬದುಕನ್ನು ಕಂಡುಂಡ ಹೆಂಗಸು. ದೊಡ್ಡವಳಾದ ಮೇಲೂ ಅವಳ ಎತ್ತರ ನಾಲ್ಕು ಅಡಿ ಒಂಬತ್ತು ಅಂಗುಲ ಮಾತ್ರ.

ಹುಟ್ಟಿದ್ದು 1944ರ ಡಿಸೆಂಬರ್ 11ರಂದು, ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ. ಹೆಸರು ಬ್ರೆಂಡಾ ಮೇ ಟಾರ್ಪ್ಲಿ. ಅಪ್ಪ ಬಡಗಿ, ಅಮ್ಮ ಹತ್ತಿ ಗಿರಣಿಯ ಕೆಲಸದಾಕೆ. ಕೆಲಸ ಸಿಕ್ಕಲ್ಲಿಗೆ ಸಂಸಾರ ಹೋಗುತ್ತಿತ್ತು; ನಲ್ಲಿ ನೀರಿಲ್ಲದ ಮನೆಗಳು, ಮಕ್ಕಳೆಲ್ಲ ಒಂದೇ ಹಾಸಿಗೆಯಲ್ಲಿ. ಮನೆಯಲ್ಲಿ ಬ್ಯಾಟರಿ ರೇಡಿಯೋ ಒಂದಿತ್ತು. ಒಮ್ಮೆ ಕೇಳಿದ ಹಾಡನ್ನು ಬ್ರೆಂಡಾ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ಭಾನುವಾರ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹಾಡು, ಶಾಲೆಯ ಸ್ಪರ್ಧೆಯಲ್ಲಿ ಬಹುಮಾನ, ಅಲ್ಲಿಂದ ಅಟ್ಲಾಂಟಾದ ರೇಡಿಯೋ. 1953ರಲ್ಲಿ ಕಟ್ಟಡದ ಕೆಲಸ ನಡೆಯುವಲ್ಲಿ ಅಪಘಾತವಾಗಿ ಅಪ್ಪ ತೀರಿಕೊಂಡ. ಹತ್ತು ವರ್ಷ ತುಂಬುವ ಹೊತ್ತಿಗೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಬಹುಪಾಲು ಈ ಹುಡುಗಿಯ ಹಾಡಿನ ದುಡ್ಡಿನಿಂದ.

ಈ ಮಾತನ್ನು ಓದಿ ಮುಂದೆ ಸಾಗುವುದು ಸುಲಭ. ಆದರೆ ಬಾಲಪ್ರತಿಭೆಯ ಕಥೆಗಳಲ್ಲಿ ನಾವು ನಿಂತು ನೋಡಬೇಕಾದ ಜಾಗ ಇದೇ. ಮಗು ಹಾಡುವುದು ಒಂದು, ಹಾಡದಿದ್ದರೆ ಮನೆ ನಡೆಯದು ಎಂಬುದು ಇನ್ನೊಂದು.

ಬ್ರೆಂಡಾ ಹಾಡುತ್ತಿದ್ದ ಕಂಟ್ರಿ ಸಂಗೀತ ಇಂಥ ಮನೆಗಳಿಂದಲೇ ಬಂದದ್ದು. ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯ ಬಡರೈತರು, ಗಿರಣಿ ಕಾರ್ಮಿಕರು ಪಿಟೀಲು, ಬ್ಯಾಂಜೊ, ಗಿಟಾರ್ ಹಿಡಿದು ಕಟ್ಟಿಕೊಂಡ ಹಾಡುಗಾರಿಕೆ ಅದು. ಕಪ್ಪು ಜನರ ಬ್ಲೂಸ್‌ನಿಂದಲೂ ಚರ್ಚಿನ ಪದಗಳಿಂದಲೂ ಅದಕ್ಕೆ ಸಾಕಷ್ಟು ಸಂದಿದೆ. ಕುಡಿತ, ಮೋಸ, ಒಂಟಿತನ, ದೇವರು, ತಾಯಿ ಇವೇ ಅದರ ವಸ್ತು. ಟೆನೆಸ್ಸಿಯ ನ್ಯಾಶ್‌ವಿಲ್ ಅದರ ರಾಜಧಾನಿ.

1955ರ ಫೆಬ್ರವರಿಯಲ್ಲಿ ಆಗಸ್ಟಾ ಊರಿಗೆ ರೆಡ್ ಫೋಲಿ ಬಂದ. ಕಂಟ್ರಿ ಲೋಕದ ಬಹು ದೊಡ್ಡ ಹೆಸರು. ಅಂದು ರಾತ್ರಿ ಬೇರೆಡೆ ರೇಡಿಯೋದಲ್ಲಿ ಹಾಡಿದರೆ ಮೂವತ್ತು ಡಾಲರ್ ಸಿಗುವುದಿತ್ತು. ಬ್ರೆಂಡಾ ಅದನ್ನು ಬಿಟ್ಟು ಫೋಲಿಯನ್ನು ನೋಡಲು ಹೋದಳು. ಸ್ಥಳೀಯ ರೇಡಿಯೋ ನಿರೂಪಕನೊಬ್ಬ ಒತ್ತಾಯಿಸಿ ಅವಳ ಹಾಡು ಕೇಳಿಸಿದ. ಫೋಲಿ ಅದೇ ರಾತ್ರಿ ಅವಳನ್ನು ವೇದಿಕೆಗೆ ಹತ್ತಿಸಿದ. ಅವಳು ಹಾಡಿದ್ದು ಹ್ಯಾಂಕ್ ವಿಲಿಯಮ್ಸ್‌ನ ‘ಜಂಬಲಾಯ’. ಜನ ಮತ್ತೆ ಮತ್ತೆ ಹಾಡಿಸಿದರು. ಮುಂದಿನ ತಿಂಗಳೇ ಫೋಲಿಯ ‘ಓಜಾರ್ಕ್ ಜುಬಿಲಿ’ ಕಾರ್ಯಕ್ರಮದ ಮೂಲಕ ಇಡೀ ಅಮೆರಿಕದ ಟೆಲಿವಿಷನ್ನಿನಲ್ಲಿ ಅವಳ ಮುಖ ಕಂಡಿತು. 1957ರ ‘ಡೈನಮೈಟ್’ ಹಾಡಿನಿಂದ ‘ಲಿಟಲ್ ಮಿಸ್ ಡೈನಮೈಟ್’ ಎಂಬ ಬಿರುದು ಬಂತು.

ನ್ಯಾಶ್‌ವಿಲ್‌ನಲ್ಲಿ ಅವಳಿಗೆ ದೊರೆತ ಒಂದು ಭಾಗ್ಯವೆಂದರೆ ನಿರ್ಮಾಪಕ ಓವನ್ ಬ್ರಾಡ್ಲಿ. ಆತ ಅವಳನ್ನು ಮುದ್ದುಮಗುವಿನಂತೆ ನಡೆಸಿಕೊಳ್ಳಲಿಲ್ಲ, ಗಾಯಕಿಯಂತೆ ನಡೆಸಿಕೊಂಡ. 1960ರಲ್ಲಿ ‘ಐ ಆ್ಯಮ್ ಸಾರಿ’ ಹಾಡಿದಾಗ ಅವಳಿಗೆ ಹದಿನೈದು. ಪ್ರೀತಿಯಲ್ಲಿ ತಪ್ಪಿದವಳ ಪಶ್ಚಾತ್ತಾಪವನ್ನು ಈ ವಯಸ್ಸಿನವಳು ಹಾಡಬಹುದೇ ಎಂದು ಕಂಪನಿ ಅನುಮಾನಿಸಿತು. ಬ್ರಾಡ್ಲಿ ಪಿಟೀಲುಗಳ ಮೆತ್ತನೆ ಹಾಸಿಗೆಯ ಮೇಲೆ ಅವಳ ದನಿಯನ್ನು ಕೂರಿಸಿದ್ದ. ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಇಂದು ಕೇಳಿದರೂ ಅಲ್ಲಿ ವಯಸ್ಸಿನ ಚಮತ್ಕಾರವೇನೂ ಇಲ್ಲ. ದನಿ ಎಲ್ಲಿ ಬಿರುಕು ಬಿಡಬೇಕು, ಎಲ್ಲಿ ತಡೆದು ನಿಲ್ಲಬೇಕು ಎಂಬುದನ್ನು ಅರಿತ ಪಕ್ವ ಗಾಯನವಿದೆ. ‘ಇಷ್ಟು ಚಿಕ್ಕವಳು!’ ಎಂಬ ಬೆರಗಿನ ಗದ್ದಲದಲ್ಲಿ ಕೇಳಿಸದೇ ಹೋಗುವುದು ಈ ಸಂಗೀತವೇ.

1962ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಅವಳ ಕಾರ್ಯಕ್ರಮಕ್ಕೆ ಮೊದಲು ಹಾಡಿದ ತಂಡಗಳಲ್ಲಿ ಇನ್ನೂ ಹೆಸರಾಗದ ಬೀಟಲ್ಸ್ ಇದ್ದರು. ಅತ್ತ ನ್ಯಾಶ್‌ವಿಲ್‌ನ ಹೈಸ್ಕೂಲಿನಲ್ಲಿ ಪಾಠ, ಪರೀಕ್ಷೆ. ಗಳಿಕೆಯನ್ನು ಇಪ್ಪತ್ತೊಂದು ತುಂಬುವ ತನಕ ಟ್ರಸ್ಟಿನಲ್ಲಿ ಇಡಲಾಗಿತ್ತು. ಹದಿನೆಂಟಕ್ಕೆ ರಾನಿ ಶ್ಯಾಕ್ಲೆಟ್ ಜೊತೆ ಮದುವೆಯಾದಳು. ಆ ದಾಂಪತ್ಯ ದಶಕಗಳ ಕಾಲ ಗಟ್ಟಿಯಾಗಿ ಬಾಳಿತು. 1970ರ ದಶಕದಲ್ಲಿ ಮತ್ತೆ ಅಪ್ಪಟ ಕಂಟ್ರಿಗೆ ಮರಳಿದ ಬ್ರೆಂಡಾ ಲೀ ಅವರಿಗೆ 1997ರಲ್ಲಿ ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್, 2002ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದಿತು.

ಅದೇ ದಾರಿಯಲ್ಲಿ ಬಂದ ಎಲ್ಲರಿಗೂ ಹಾದಿ ಇಷ್ಟು ಸಲೀಸಾಗಿರಲಿಲ್ಲ. ಟೆಕ್ಸಾಸಿನ ಟಾನ್ಯಾ ಟಕರ್ ಹದಿಮೂರರಲ್ಲಿ, 1972ರಲ್ಲಿ, ಪ್ರಿಯಕರನಿಗಾಗಿ ಕಾಯುತ್ತ ಬುದ್ಧಿ ಕದಡಿದ ನಡುವಯಸ್ಸಿನ ಹೆಣ್ಣಿನ ಕಥೆ ‘ಡೆಲ್ಟಾ ಡಾನ್’ ಹಾಡಿ ಹೆಸರಾದಳು. ಆಮೇಲೆ ಮದ್ಯ, ಮಾದಕವಸ್ತು, ಚಿಕಿತ್ಸಾಲಯ, ಮರಳಿ ಎದ್ದು ಬರುವ ಹೋರಾಟ. ಮೊದಲ ಗ್ರಾಮಿ ಪ್ರಶಸ್ತಿ ಕೈಸೇರಿದ್ದು 2020ರಲ್ಲಿ, ಅರವತ್ತೊಂದರ ವಯಸ್ಸಿನಲ್ಲಿ. ಲಿಯಾನ್ ರೈಮ್ಸ್‌ಗೆ ಇದರ ತಿರುವುಮುರುವು: 1996ರಲ್ಲಿ, ಹದಿಮೂರರಲ್ಲಿ ‘ಬ್ಲೂ’ ಹಾಡು, ಮರುವರ್ಷ ಹದಿನಾಲ್ಕಕ್ಕೇ ಗ್ರಾಮಿ. ಆದರೆ 2000ದಲ್ಲಿ ತನ್ನ ಗಳಿಕೆಯಿಂದ ಲಕ್ಷಾಂತರ ಡಾಲರ್ ತೆಗೆದುಕೊಂಡರೆಂದು ಆರೋಪಿಸಿ ಆಕೆ ಸ್ವಂತ ತಂದೆಯ ಮೇಲೆಯೇ ದಾವೆ ಹೂಡಬೇಕಾಯಿತು. ಅದು ಮುಂದೆ ರಾಜಿಯಲ್ಲಿ ಮುಗಿಯಿತು. ಬಾಲನಟರ ಗಳಿಕೆಯ ಪಾಲನ್ನು ಕಾಪಿಡಲು ಕ್ಯಾಲಿಫೋರ್ನಿಯಾ 1939ರಲ್ಲೇ ಕಾನೂನು ತಂದಿತ್ತು. ಅಂಥ ಕಾನೂನು ಎಷ್ಟು ಅಗತ್ಯವೆಂಬುದನ್ನು ಈ ದಾವೆ ಮತ್ತೆ ನೆನಪಿಸಿತು.

ಬ್ರೆಂಡಾಳ ಬಾಲದನಿ ಮಾತ್ರ ಇನ್ನೂ ದುಡಿಯುತ್ತಿದೆ. ಹದಿಮೂರರಲ್ಲಿ, 1958ರಲ್ಲಿ, ಬ್ರಾಡ್ಲಿ ಸ್ಟುಡಿಯೋವನ್ನು ತಣ್ಣಗಾಗಿಸಿ, ಮೂಲೆಯಲ್ಲಿ ಕ್ರಿಸ್‌ಮಸ್ ಗಿಡ ನಿಲ್ಲಿಸಿ ಹಾಡಿಸಿದ ‘ರಾಕಿಂಗ್ ಅರೌಂಡ್ ದ ಕ್ರಿಸ್‌ಮಸ್ ಟ್ರೀ’ ಮೊದಲೆರಡು ವರ್ಷ ಯಾರ ಕಿವಿಗೂ ಬೀಳಲಿಲ್ಲ. ‘ಹೋಮ್ ಅಲೋನ್’ ಸಿನಿಮಾ ನೋಡಿದವರಿಗೆ ಈ ಹಾಡು ಗೊತ್ತಿರುತ್ತದೆ. 2023ರ ಡಿಸೆಂಬರಿನಲ್ಲಿ, ಬಿಡುಗಡೆಯಾಗಿ ಅರವತ್ತೈದು ವರ್ಷದ ಮೇಲೆ, ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಬ್ರೆಂಡಾ ಅವರಿಗೆ ಆಗ ಎಪ್ಪತ್ತೆಂಟು. ಹೊಸದಾಗಿ ಚಿತ್ರೀಕರಿಸಿದ ವಿಡಿಯೋದಲ್ಲಿ ಜೊತೆಗೆ ಕುಣಿದವರಲ್ಲಿ ಟಾನ್ಯಾ ಟಕರ್ ಕೂಡ ಇದ್ದರು.

ಮರುವರ್ಷ ಅದೇ ದನಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ಸ್ಪ್ಯಾನಿಷ್‌ನಲ್ಲಿ ಹಾಡಿತು. 1956ರಲ್ಲಿ ಪ್ಲೇಟಿನ ಮೇಲೆ ಏನು ಬರೆಯಬೇಕೆಂದು ತೀರ್ಮಾನಿಸಿದವರು ದೊಡ್ಡವರು. ಈ ಸಲ ಕಂಪನಿ ಹುಡುಗಿಯ ದನಿಯನ್ನು ಹೊಸ ಭಾಷೆಗೆ ಒಯ್ಯುವ ಮೊದಲು, ಈಗ ಅಜ್ಜಿಯಾದ ಆ ಹುಡುಗಿಯದೇ ಒಪ್ಪಿಗೆ ಪಡೆದಿತ್ತು.