ಪ್ರಶ್ನಾವಳಿಗೆ ಮೊದಲು ಊರು ನೋಡಿ

ಸ್ನಾತಕೋತ್ತರ ವಿಭಾಗಗಳಲ್ಲಿ ಕೊನೆಯ ಸೆಮಿಸ್ಟರ್ ಶುರುವಾಯಿತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಗೂಗಲ್ ಫಾರ್ಮ್‌ಗಳ ಸುಗ್ಗಿ. ‘ದಯವಿಟ್ಟು ಎರಡು ನಿಮಿಷ ಬಿಡುವು ಮಾಡಿಕೊಂಡು ತುಂಬಿ, ನನ್ನ ಡಿಸರ್ಟೇಶನ್‌ಗೆ ಬೇಕು’ ಎಂಬ ಒಕ್ಕಣೆ. ಗೆಳೆಯರು ತುಂಬುತ್ತಾರೆ, ಗೆಳೆಯರ ಗೆಳೆಯರು ತುಂಬುತ್ತಾರೆ. ನೂರು ಉತ್ತರ ಸೇರಿದ ಕೂಡಲೇ ಶೇಕಡಾವಾರು ಕೋಷ್ಟಕಗಳು ಸಿದ್ಧ. ‘ಗ್ರಾಮೀಣ ಮಹಿಳೆಯರ ಸ್ಥಿತಿಗತಿ’ ಎಂದು ಹೆಸರು ಹೊತ್ತು, ಬೈಂಡಿಂಗ್ ಆಗಿ, ವೈವಾ ಮುಗಿಸಿ ಕಪಾಟು ಸೇರುವ ಆ ಪ್ರಬಂಧದಲ್ಲಿ ಹಳ್ಳಿಯ ಒಬ್ಬ ಹೆಂಗಸೂ ಇರುವುದಿಲ್ಲ.

ಹಾಗೆಂದು ಈ ವಿದ್ಯಾರ್ಥಿಗಳು ಓದಿಲ್ಲವೆಂದಲ್ಲ. ಪ್ರಾಕ್ಕಲ್ಪನೆಯ ಲಕ್ಷಣಗಳು, ಮಾದರಿಯ ವಿಧಗಳು, ಪ್ರಶ್ನಾವಳಿಗೂ ಅನುಸೂಚಿಗೂ ಇರುವ ವ್ಯತ್ಯಾಸ ಎಲ್ಲವೂ ಬಾಯಿಪಾಠ. ಸಂಶೋಧನಾ ವಿಧಾನವನ್ನು ನಾವು ಕಲಿಸುವುದೇ ಪರೀಕ್ಷೆಯಲ್ಲಿ ಬರೆಯುವ ವಿಷಯವಾಗಿ. ಮಾಡಿ ನೋಡುವ ಕೆಲಸವಾಗಿ ಅಲ್ಲ.

ಎಷ್ಟು ಜನ, ಯಾವ ಜನ?

‘ಸಾರ್, ಎಷ್ಟು ಸ್ಯಾಂಪಲ್ ಬೇಕು?’ ಗೈಡ್ ಮುಂದೆ ವಿದ್ಯಾರ್ಥಿ ಇಡುವ ಮೊದಲ ಪ್ರಶ್ನೆ ಇದು. ದೊಡ್ಡ ಜನಸಮುದಾಯದ ಬಗ್ಗೆ ಶೇ 95ರ ವಿಶ್ವಾಸ ಮಟ್ಟದಲ್ಲಿ, ಶೇ 5ರಷ್ಟು ಹೆಚ್ಚುಕಡಿಮೆಯೊಳಗೆ ಅಂದಾಜು ಮಾಡಲು ಸುಮಾರು 385 ಜನ ಸಾಕು ಎನ್ನುತ್ತದೆ ಸಂಖ್ಯಾಶಾಸ್ತ್ರ. ಆದರೆ ಆ ಲೆಕ್ಕ ನಡೆಯುವುದು ಯಾದೃಚ್ಛಿಕವಾಗಿ ಆರಿಸಿದಾಗ ಮಾತ್ರ. ಕೈಗೆ ಸಿಕ್ಕವರನ್ನು ಕೇಳಿ 385 ತುಂಬಿಸಿದರೆ ಪ್ರಯೋಜನವಿಲ್ಲ.

1936ರ ಅಮೆರಿಕದ ಅಧ್ಯಕ್ಷ ಚುನಾವಣೆ ಇದಕ್ಕೆ ದೊಡ್ಡ ಸಾಕ್ಷಿ. ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ. ವಿಳಾಸಗಳನ್ನು ಆಯ್ದದ್ದು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನೂ ಕಾರೂ ಇಲ್ಲದವರ ಮಾತು ಅಲ್ಲಿಗೆ ತಲುಪಲೇ ಇಲ್ಲ. ಸಾಲದ್ದಕ್ಕೆ, ಮತಪತ್ರ ತಲುಪಿದವರಲ್ಲೂ ಮುಕ್ಕಾಲು ಪಾಲು ಜನ ಉತ್ತರಿಸಲಿಲ್ಲ. ಸ್ಮಾರ್ಟ್‌ಫೋನ್ ಇರುವವರಿಗಷ್ಟೇ ಮುಟ್ಟುವ ನಮ್ಮ ಗೂಗಲ್ ಫಾರ್ಮ್ ಎಡವುವುದೂ ಇದೇ ಜಾಗದಲ್ಲಿ.

ಕೇಳುವ ರೀತಿ

ಸರಿಯಾದ ಮನೆಯ ಬಾಗಿಲು ತಟ್ಟಿದರೂ ಪ್ರಶ್ನೆ ಸರಿಯಿರಬೇಕು. ‘ನಿಮ್ಮ ಮನೆಯವರು ಕೆಲಸ ಮಾಡ್ತಾರಾ?’ ಎಂದು ಗಂಡಸನ್ನು ಕೇಳಿದರೆ, ‘ಇಲ್ಲ, ಮನೇಲೇ ಇರ್ತಾಳೆ’ ಎಂಬ ಉತ್ತರ ಬರಬಹುದು. ಅದೇ ಹೊತ್ತಿಗೆ ಆಕೆ ಹಿತ್ತಲಲ್ಲಿ ಹಸುವಿಗೆ ಮೇವು ಹಾಕುತ್ತಿರಬಹುದು. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಈ ತೊಡಕಿಗೆ ಬೇರೆ ದಾರಿ ಹಿಡಿಯಿತು. ನಸುಕಿನ 4ರಿಂದ ಮರುದಿನ ನಸುಕಿನ 4ರವರೆಗೆ ಪ್ರತಿ ಅರ್ಧ ಗಂಟೆಯಲ್ಲಿ ಏನು ಮಾಡಿದಿರಿ ಎಂದು ಕೇಳಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿಯುತ್ತಾರೆಂದು ಕಂಡಿತು. ‘ಕೆಲಸ ಮಾಡ್ತಾರಾ’ ಎಂಬ ಪ್ರಶ್ನೆಗೆ ದಕ್ಕದಿದ್ದ ದುಡಿಮೆ ಇದು.

ನಮ್ಮ ನೆಲದ ಪಾಠ

ಇದನ್ನೆಲ್ಲ ಕಲಿಯಲು ದೂರ ಹೋಗಬೇಕಿಲ್ಲ. 1948ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ‘ರಾಂಪುರ’ ಎಂಬ ಕಲ್ಪಿತ ಹೆಸರಿನಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಅವರು ವರ್ಷಗಟ್ಟಲೆ ಅಣಿಗೊಳಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಮುಖ್ಯವಾಗಿ ನೆನಪಿನ ಬಲದಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಊರಿನೊಂದಿಗೆ ಬದುಕಿದ್ದರಿಂದಲೇ ಅದು ಸಾಧ್ಯವಾಯಿತು. ತನಗೆ ದಕ್ಕಿದ್ದು ಮೇಲ್ಜಾತಿಯ ಕಣ್ಣಿನ ಹಳ್ಳಿ ಎಂದು ಅವರೇ ಅದರಲ್ಲಿ ಒಪ್ಪಿಕೊಂಡಿದ್ದಾರೆ. ಸಂಶೋಧಕ ಎಲ್ಲಿ ನಿಂತು ನೋಡುತ್ತಾನೆ ಎಂಬುದೂ ವಿಧಾನದ ಭಾಗವೆಂದು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದಲ್ಲಿ ಮಂಡ್ಯ ಭಾಗದ ಎರಡು ಹಳ್ಳಿಗಳನ್ನು ಎದುರುಬದುರು ಇಟ್ಟು ನೋಡಿದರು. ವಂಗಲಕ್ಕೆ ನಾಲೆಯ ನೀರು ಬಂದಿತ್ತು, ದಾಲೇನಕ್ಕೆ ಬಂದಿರಲಿಲ್ಲ. ನೀರು ಬಂದ ಊರಿನಲ್ಲೇ ಹೆಚ್ಚು ಬದಲಾವಣೆ ಎಂದು ಯಾರಾದರೂ ಊಹಿಸಿಯಾರು. ಅವರು ಕಂಡದ್ದೇ ಬೇರೆ: ವಂಗಲದಲ್ಲಿ ಹಣ ಬಂದರೂ ಬೇಸಾಯದ ಹಳೆಯ ಸಂಬಂಧಗಳು ಬಹುಮಟ್ಟಿಗೆ ಉಳಿದವು, ದಾಲೇನದ ಜನ ನೌಕರಿ, ವ್ಯಾಪಾರ ಹುಡುಕಿ ಹೊರಹೋದದ್ದರಿಂದ ಅಲ್ಲಿಯ ಸಂಬಂಧಗಳೇ ಹೆಚ್ಚು ಸಡಿಲಗೊಂಡವು. ಮನೆಮನೆಯ ಲೆಕ್ಕ ಮತ್ತು ಜನರ ಒಡನಾಟ ಎರಡೂ ಸೇರಿದ್ದರಿಂದ ಸಿಕ್ಕ ಫಲ ಇದು.

ವಿಭಾಗಗಳು ಮಾಡಬೇಕಾದ್ದು ಕಷ್ಟದ್ದೇನಲ್ಲ. ಮೊದಲ ಸೆಮಿಸ್ಟರಿನಲ್ಲೇ ಹತ್ತಿರದ ಹಳ್ಳಿಗೋ ಸಂತೆಗೋ ವಿದ್ಯಾರ್ಥಿಗಳನ್ನು ಕಳಿಸಲಿ. ಕ್ಷೇತ್ರ ಟಿಪ್ಪಣಿ ಪುಸ್ತಕಕ್ಕೆ ಅಂಕ ಕೊಡಲಿ. ಪ್ರಶ್ನಾವಳಿಯನ್ನು ನಾಲ್ಕು ಮನೆಗಳಲ್ಲಿ ಪರೀಕ್ಷಿಸಿ, ಅಲ್ಲಿಯ ಜನರ ಮಾತಿನಲ್ಲೇ ತಿದ್ದಿದ ಮೇಲಷ್ಟೇ ಗೈಡ್ ಸಹಿ ಹಾಕಲಿ. ವಿದ್ಯಾರ್ಥಿಗಳಿಗೂ ಒಂದು ಮಾತು: ಫಾರ್ಮ್ ಲಿಂಕ್ ಕಳಿಸುವ ಮೊದಲು ಆ ಊರಿನ ಬಸ್ಸು ಹತ್ತಿ. ಏನು ಕೇಳಬೇಕೆಂಬುದು ಅಲ್ಲಿ ಹೋದ ಮೇಲೆಯೇ ತಿಳಿಯುತ್ತದೆ.